ಟೇಪಿನೊಳಗಿನ ಒಂದು ಬೆರಳು

ಬೆಳಗಿನ ಐದೂವರೆ. ಜರಗನಹಳ್ಳಿಯ ಗಂಗಯ್ಯನವರ ವಠಾರದ ಮೂರನೆಯ ಮನೆಯಲ್ಲಿ ದೀಪ ಹತ್ತಿದೆ. ಬಸವಲಿಂಗಮ್ಮ ಗೋಡೆಯ ಮೊಳೆಗೆ ನೇತುಹಾಕಿದ್ದ ಅಳತೆಯ ಟೇಪನ್ನು ತೆಗೆದುಕೊಂಡು ಮಗನ ಹಾಸಿಗೆಯ ಪಕ್ಕ ಕೂರುತ್ತಾರೆ. ಹೊದಿಕೆಯನ್ನು ಕಾಲಿನ ಕಡೆಯಿಂದ ಮೆಲ್ಲಗೆ ಸರಿಸುತ್ತಾರೆ. ಹುಡುಗನ ಎಡ ಮಂಡಿಯ ಚಿಪ್ಪಿನ ಎರಡು ಬದಿಗೂ ಇಂಕಿನ ಪೆನ್ನಿನಿಂದ ಇಟ್ಟ ಚುಕ್ಕಿಗಳಿವೆ. ಟೇಪು ಆ ಚುಕ್ಕಿಗಳ ಮೇಲೆಯೇ ಹಾದುಹೋಗಬೇಕು, ನಿನ್ನೆ ಹೋದ ದಾರಿಯಲ್ಲೇ. ಹನ್ನೊಂದೂ ಮುಕ್ಕಾಲು ಇಂಚು. ಇನ್ನೊಮ್ಮೆ ಸುತ್ತುತ್ತಾರೆ. ಹನ್ನೊಂದೂ ಮುಕ್ಕಾಲು. ಅಂಗೈಯನ್ನು ಮಂಡಿಯ ಮೇಲಿಟ್ಟು ಬಿಸಿಯೇನಾದರೂ ಇದೆಯೇ ಎಂದು ನೋಡುತ್ತಾರೆ. ಇಲ್ಲ. ಇಷ್ಟಾದ ಮೇಲೆಯೇ ಅವರು ಸ್ಟೋವ್ ಹಚ್ಚುವುದು.

ಬಲ ಮಂಡಿಯನ್ನು ಅವರು ಅಳೆಯುವುದಿಲ್ಲ. ಅದು ಎರಡು ವರ್ಷದ ಹಿಂದೆ ಅರ್ಧ ಮಡಚಿದ ಹಾಗೆಯೇ ನಿಂತುಬಿಟ್ಟಿದೆ. ಪೂರ್ತಿ ಚಾಚಲೂ ಬಾರದು, ಪೂರ್ತಿ ಮಡಚಲೂ ಬಾರದು. ಹದಿನಾಲ್ಕು ವರ್ಷದ ಶಂಭುಲಿಂಗ ಈಗ ಓಡಾಡುವುದೆಲ್ಲ ಎಡಗಾಲನ್ನು ನಂಬಿಕೊಂಡು. ಅದೂ ಹೋದರೆ ಹುಡುಗ ಕೂತಲ್ಲೇ ಕೂರಬೇಕಾಗುತ್ತದೆ ಎಂದು ಆಸ್ಪತ್ರೆಯವರು ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. "ಆ ಒಂದು ಕಾಲು ಉಳೀಲಿ ಅಷ್ಟೆ. ಬೇರೆ ಏನೂ ಕೇಳ್ಕೊಂಡಿಲ್ಲ ನಾನು," ಎನ್ನುತ್ತಾರೆ ಬಸವಲಿಂಗಮ್ಮ.

ಕಾಯಿಲೆಯ ಹೆಸರು ಹಿಮೋಫಿಲಿಯಾ. ಇವರ ಬಾಯಲ್ಲಿ ಅದು 'ರಕ್ತ ನಿಲ್ಲದ ಕಾಯಿಲೆ'. ನಮಗೆ ನಿಮಗೆಲ್ಲ ಕೈ ಕೊಯ್ದರೆ ರಕ್ತ ಹೆಪ್ಪುಗಟ್ಟಿ ನಿಲ್ಲುತ್ತದೆ. ಹಾಗೆ ಹೆಪ್ಪುಗಟ್ಟಿಸುವ ಒಂದು ಅಂಶ ಶಂಭುವಿನ ರಕ್ತದಲ್ಲಿ ಹುಟ್ಟಿನಿಂದಲೇ ಇಲ್ಲ. ಹೊರಗೆ ಕಾಣುವ ಗಾಯಕ್ಕಿಂತ ಇವರು ಹೆದರುವುದು ಕಾಣದ್ದಕ್ಕೆ. ಮಂಡಿಯ ಕೀಲಿನೊಳಗೆ ರಕ್ತ ಜಿನುಗಲು ಶುರುವಾದರೆ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವಷ್ಟು ಊದುವ ಹೊತ್ತಿಗೆ ಕೀಲು ಹಾಳಾಗಲು ಶುರುವಾಗಿರುತ್ತದೆ. ಎಷ್ಟು ಬೇಗ ಕಂಡುಹಿಡಿದು ಮಂಜುಗಡ್ಡೆ ಇಟ್ಟು ಆಸ್ಪತ್ರೆಗೆ ಓಡುತ್ತೀರೋ ಅಷ್ಟು ಒಳ್ಳೆಯದು. ಬೆಳಗಾಗುತ್ತಲೇ ಟೇಪು ಹಿಡಿಯುವುದು ಅದಕ್ಕೆ.

ಮೂವತ್ತೆಂಟರ ಬಸವಲಿಂಗಮ್ಮ ರವಿಕೆ ಹೊಲಿಯುವವರು. ಜರಗನಹಳ್ಳಿಯಿಂದ ಸಾರಕ್ಕಿಯವರೆಗೆ ಮದುವೆ ಮನೆ ಎಂದರೆ ಇವರ ಹೊಲಿಗೆ ಇರಲೇಬೇಕು ಎನ್ನುವಷ್ಟು ಹೆಸರಿತ್ತು. ಗಂಡ ಜಯದೇವಪ್ಪ ಜಯನಗರದ ಬಟ್ಟೆ ಅಂಗಡಿಯೊಂದರಲ್ಲಿ ಬಟ್ಟೆ ಹರಿದುಕೊಡುವ ಕೆಲಸದಲ್ಲಿದ್ದಾರೆ. ತುರುವೇಕೆರೆ ಕಡೆಯಿಂದ ಬಂದು ಹದಿನಾರು ವರ್ಷವಾಯಿತು. ಒಬ್ಬನೇ ಮಗ. ಇನ್ನೊಂದು ಮಗು ಬೇಡ ಎಂದು ಇಬ್ಬರೂ ಕೂತು ಮಾತಾಡಿಕೊಂಡು ಮಾಡಿದ ತೀರ್ಮಾನವೇನಲ್ಲ. ಈ ಕಾಯಿಲೆ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ ಎಂದು ಡಾಕ್ಟರು ಹೇಳಿದ ದಿನ ಅದು ತಾನಾಗಿಯೇ ತೀರ್ಮಾನವಾಯಿತು. ಬಸವಲಿಂಗಮ್ಮನವರ ತಮ್ಮ ಒಂಬತ್ತನೆಯ ವಯಸ್ಸಿನಲ್ಲಿ, ಹಲ್ಲು ಕೀಳಿಸಿದ ಮೂರನೆಯ ದಿನ ಹೋಗಿಬಿಟ್ಟಿದ್ದ. ಆ ಸಾವಿಗೆ ಆಗ ಊರಿನವರು ಇಟ್ಟ ಹೆಸರು ದೃಷ್ಟಿ. ಅತ್ತೆ ಮಾತ್ರ ಡಾಕ್ಟರ ಮಾತನ್ನು ಚೆನ್ನಾಗಿ ನೆನಪಿಟ್ಟುಕೊಂಡರು. ನಮ್ಮ ಮನೆಯಲ್ಲಿ ಇದು ಇರಲಿಲ್ಲ ಎಂದು ಸಾಯುವವರೆಗೂ ವಾರಕ್ಕೊಮ್ಮೆಯಾದರೂ ಅನ್ನುತ್ತಿದ್ದರಂತೆ.

ಹಾಗೆಂದು ಅತ್ತೆ ಕೆಟ್ಟವರೇನಲ್ಲ. ಮಗು ಅಂಬೆಗಾಲಿಡುವಾಗ ಮಂಡಿ ಊದಿಕೊಂಡರೆ ನೀಲಗಿರಿ ಎಣ್ಣೆ ತಿಕ್ಕಿ, ಬಿಸಿ ಉಪ್ಪಿನ ಗಂಟಿನಿಂದ ಶಾಖ ಕೊಡುತ್ತಿದ್ದವರು ಅವರೇ. ಬಸವಲಿಂಗಮ್ಮ ಮಗುವಿನ ಕಾಲು ಹಿಡಿದುಕೊಳ್ಳುತ್ತಿದ್ದರು. ಮೂರು ವರ್ಷ ಹೀಗೆ ನಡೆಯಿತು. ತಿಕ್ಕುವುದೂ ಶಾಖವೂ ಒಳಗಿನ ರಕ್ತಕ್ಕೆ ಇನ್ನಷ್ಟು ದಾರಿ ಮಾಡಿಕೊಡುತ್ತವೆ, ಇಡಬೇಕಾದದ್ದು ತಣ್ಣನೆಯದು ಎಂದು ಗೊತ್ತಾಗುವ ಹೊತ್ತಿಗೆ ಮಗುವಿಗೆ ನಾಲ್ಕು ತುಂಬಿತ್ತು. ಪ್ರೀತಿಯಿಂದ ಮಾಡಿದ್ದೆಲ್ಲ ಒಳ್ಳೆಯದೇ ಆಗಬೇಕೆಂಬ ಕಾನೂನು ಎಲ್ಲಿಯೂ ಇಲ್ಲ ನೋಡಿ.

ಈ ಮನೆಯಲ್ಲಿ ಹೊಲಿಗೆ ಮಿಷನ್ನಿನ ಕಬ್ಬಿಣದ ಕಾಲುಗಳಿಗೆಲ್ಲ ಹಳೆಯ ಸೀರೆ ಸುತ್ತಿದೆ. ಹೊಸ್ತಿಲಿಗೂ ಸುತ್ತಿದೆ. ಸಂಜೆ ಕೆಲಸ ಮುಗಿಸುವಾಗ ಗುಂಡುಪಿನ್ನುಗಳನ್ನು ಎಣಿಸಿ ಡಬ್ಬಿಗೆ ಹಾಕುತ್ತಾರೆ. ಅರವತ್ತು ಇರಬೇಕು. ಐವತ್ತೊಂಬತ್ತಾದರೆ ಆ ಒಂದು ಸಿಗುವವರೆಗೆ ಅಯಸ್ಕಾಂತ ಹಿಡಿದು ನೆಲವೆಲ್ಲ ಸವರುತ್ತಾರೆ. ಪಿನ್ನು ಚುಚ್ಚಿದರೆ ಅಂಥ ಅಪಾಯವಿಲ್ಲ ಎಂದು ಆಸ್ಪತ್ರೆಯವರು ಎಷ್ಟೋ ಸಲ ಹೇಳಿದ್ದಾರೆ. ಬಸವಲಿಂಗಮ್ಮ ತಲೆಯಾಡಿಸಿ, ಮನೆಗೆ ಬಂದು ಎಣಿಸುತ್ತಾರೆ.

ಮೊದಲು ದಿನಕ್ಕೆ ಎಂಟು ರವಿಕೆ ಆಗುತ್ತಿತ್ತು, ಈಗ ನಾಲ್ಕಾದರೆ ಹೆಚ್ಚು. ಹೋದ ವರ್ಷ, ಎಂಬತ್ತಮೂರರಲ್ಲಿ, ಆಸ್ಪತ್ರೆಗೆ ಹೋದದ್ದು ಹದಿನೇಳು ಸಲ. ಶಂಭು ಶಾಲೆ ತಪ್ಪಿಸಿಕೊಂಡದ್ದು ಅರವತ್ತೊಂದು ದಿನ. ಊತ ಬಂದ ದಿನ ಜಯದೇವಪ್ಪ ಮಗನನ್ನು ಬೆನ್ನಿಗೆ ಹಾಕಿಕೊಂಡು ಕನಕಪುರ ರಸ್ತೆಗೆ ಹೋಗಿ ಮಾರ್ಕೆಟ್ಟಿನ ಬಸ್ಸು ಹಿಡಿಯುತ್ತಾರೆ. ಮಂಜುಗಡ್ಡೆಯ ಚೀಲ ಹಿಡಿದು ಹಿಂದೆ ಬಸವಲಿಂಗಮ್ಮ. ಮಂಜುಗಡ್ಡೆ ಗಂಗಯ್ಯನವರ ಮನೆಯದು. ಅವರ ಹೆಂಡತಿ ಈಶ್ವರಮ್ಮ ಫ್ರಿಜ್ಜು ಕೊಂಡ ದಿನವೇ ಒಂದು ಟ್ರೇಯನ್ನು ಶಂಭುವಿನ ಹೆಸರಿಗೆ ಬಿಟ್ಟಿದ್ದಾರೆ, ಮನೆಯವರು ಯಾರೂ ಅದನ್ನು ಶರಬತ್ತಿಗೆ ಮುಟ್ಟುವ ಹಾಗಿಲ್ಲ. ಆಸ್ಪತ್ರೆಯಲ್ಲಿ ಪ್ಲಾಸ್ಮಾ, ಅಂದರೆ ರಕ್ತದಿಂದ ಬೇರೆ ಮಾಡಿದ ಹಳದಿ ನೀರು, ಮೂರೋ ನಾಲ್ಕೋ ಚೀಲ ಏರಿಸಬೇಕು. ಕೊಟ್ಟಷ್ಟಕ್ಕೆ ಬದಲು ರಕ್ತ ಕೊಡುವವರನ್ನು ಇವರೇ ಕರೆತರಬೇಕು. ಜಯದೇವಪ್ಪನವರ ಅಂಗಡಿಯ ಎಂಟು ಜನರಲ್ಲಿ ಆರು ಜನ ಸರದಿಯಂತೆ ಕೊಟ್ಟಿದ್ದಾರೆ. ಉಳಿದಿಬ್ಬರು ಜಯದೇವಪ್ಪ ಎದುರಿಗೆ ಬಂದರೆ ಗೋದಾಮಿನಲ್ಲಿ ಕೆಲಸ ಹುಡುಕಿಕೊಳ್ಳುತ್ತಾರೆ.

ಕಳೆದ ತಿಂಗಳು ಇದೇ ಆಸ್ಪತ್ರೆಯಿಂದ ನಾಗಲಕ್ಷ್ಮಮ್ಮ ಎಂಬುವರು ಮನೆಗೆ ಬಂದಿದ್ದರು. ಐವತ್ತು ದಾಟಿದವರು, ರೋಗಿಗಳ ಮನೆಯವರ ಕಷ್ಟಸುಖ ವಿಚಾರಿಸುವ ಕೆಲಸ ಅವರದು. ಈ ಕಾಯಿಲೆಯ ಮಕ್ಕಳನ್ನು ನೋಡಿಕೊಳ್ಳುವ ತಂದೆತಾಯಂದಿರಿಗೆ ಏನಾಗುತ್ತಿದೆ ಎಂಬುದನ್ನು ಅಳೆಯಬೇಕೆಂದು ಆಸ್ಪತ್ರೆಯವರು ಒಂದು ಪ್ರಶ್ನೆಪಟ್ಟಿ ಮಾಡಿದ್ದಾರೆ. ಇಪ್ಪತ್ತೇಳು ಪ್ರಶ್ನೆ, ಎಲ್ಲ ಇಂಗ್ಲಿಷಿನಲ್ಲಿ. ಬಸ್ಸಿನಲ್ಲಿ ಮನೆಮನೆ ಸುತ್ತಿ, ಕನ್ನಡದಲ್ಲಿ ಕೇಳಿ, ಇಂಗ್ಲಿಷಿನಲ್ಲಿ ಗುರುತು ಹಾಕುವುದು ನಾಗಲಕ್ಷ್ಮಮ್ಮನವರ ಪಾಲಿಗೆ ಬಂದಿದೆ. ಶಂಭು ಶಾಲೆಗೆ ಹೋಗಿದ್ದ ಹೊತ್ತು ನೋಡಿಯೇ ಅವರು ಬಂದರು.

ನಿಮ್ಮ ಸಂಕಟಕ್ಕೆ ಒಂದರಿಂದ ಐದರೊಳಗೆ ಒಂದು ನಂಬರು ಕೊಡಿ ಎಂಬುದು ಮೊದಲ ಪ್ರಶ್ನೆ. ಬಸವಲಿಂಗಮ್ಮ ಮೂರೂವರೆ ಹಾಕಬಹುದೇ ಎಂದು ಕೇಳಿದರಂತೆ. ಅರ್ಧಕ್ಕೆ ಜಾಗವಿಲ್ಲ ಎಂದರು ನಾಗಲಕ್ಷ್ಮಮ್ಮ. ಕಾಲು ಇಂಚಿನ ಲೆಕ್ಕದಲ್ಲಿ ಬದುಕುವವರಿಗೆ ಅದು ಯಾವ ಸೀಮೆಯ ಅಳತೆ ಎನ್ನಿಸಿರಬೇಕು. ಕೊನೆಗೆ ಮೂರು ಎಂದು ಬರೆಸಿದರು. ಹೆಚ್ಚು ಹೇಳಿದರೆ ದೇವರು ಅಷ್ಟಕ್ಕೆ ತಂದುಬಿಟ್ಟಾನು ಎಂಬ ಅಂಜಿಕೆ.

ನಿಮಗೆ ನಿದ್ದೆ ಹೇಗೆ ಎಂದರೆ, ಊತ ಇಲ್ಲದ ದಿನ ಅವನು ಚೆನ್ನಾಗಿ ಮಲಗುತ್ತಾನೆ ಎಂಬ ಉತ್ತರ. ಊಟ ಹೇಗೆ ಎಂದರೆ, ಅವನಿಗೆ ಸೊಪ್ಪು ಕಂಡರಾಗದು. ನಿಮ್ಮನ್ನು ಕೇಳುತ್ತಿದ್ದೇನೆ ಎಂದು ನಾಗಲಕ್ಷ್ಮಮ್ಮ ನಾಲ್ಕು ಸಲ ನೆನಪಿಸಬೇಕಾಯಿತು. ಹಾಗೆ ಬಗೆದು ಕೇಳಿದಾಗ ಹೊರಬಿದ್ದದ್ದು ಬೆನ್ನಿನ ವಿಷಯ. ಜೂನಿನಲ್ಲಿ ಒಂದು ಬೆಳಿಗ್ಗೆ ನೀರಿನ ಕೊಡ ಎತ್ತುವಾಗ ಸೊಂಟ ಹಿಡಿದು ಬಚ್ಚಲಿನಲ್ಲೇ ಬಿದ್ದರಂತೆ. ಗಂಡ ಅಂಗಡಿಗೆ ಹೋಗಿಯಾಗಿತ್ತು. ಶಂಭು ಬಾಗಿಲ ತನಕ ಬಂದ, ಎತ್ತಲು ಬಗ್ಗಲಾಗದೆ ಅಲ್ಲೇ ಗೋಡೆ ಹಿಡಿದು ನಿಂತ. ಕೂಗಿದರೆ ಕೇಳಲು ವಠಾರದಲ್ಲಿ ಆ ಹೊತ್ತಿಗೆ ಯಾರೂ ಇರಲಿಲ್ಲ. ಈಶ್ವರಮ್ಮ ಬಂದು ನೋಡುವವರೆಗೆ ಎರಡು ಗಂಟೆ ತಾಯಿ ಅಲ್ಲಿ, ಮಗ ಇಲ್ಲಿ.

ಇಪ್ಪತ್ತೊಂದನೆಯ ಪ್ರಶ್ನೆ, ನಿಮ್ಮ ನಂತರ ಮಗನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು. ಬಸವಲಿಂಗಮ್ಮ ನೆಲದ ಮೇಲಿನ ದಾರದ ತುಂಡುಗಳನ್ನು ಆರಿಸತೊಡಗಿದರು. ನಾಗಲಕ್ಷ್ಮಮ್ಮ ಆ ಜಾಗ ಖಾಲಿ ಬಿಟ್ಟು ಮುಂದೆ ಹೋದರು. ಇಪ್ಪತ್ತಮೂರನೆಯದು, ಮಗನ ಸ್ಥಿತಿಗೆ ನೀವೇ ಕಾರಣ ಎಂದು ಅನ್ನಿಸುತ್ತದೆಯೇ? ಎಂದೂ ಇಲ್ಲ, ಅಪರೂಪಕ್ಕೆ, ಆಗಾಗ, ಯಾವಾಗಲೂ. ಇದಕ್ಕೆ ನಾಗಲಕ್ಷ್ಮಮ್ಮ ತಾವೇ ಸಮಾಧಾನ ಹೇಳಹೊರಟರು. ರಕ್ತದಲ್ಲಿ ಬಂದದ್ದಕ್ಕೆ ಯಾರೂ ಕಾರಣರಲ್ಲ, 'ಎಂದೂ ಇಲ್ಲ' ಎಂದು ಹಾಕುತ್ತೇನೆ ಎಂದರು. ಬಸವಲಿಂಗಮ್ಮ ಎದ್ದು ಬಾಗಿಲು ಮುಂದಕ್ಕೆ ತಳ್ಳಿ ಬಂದು ಕೂತರು.

"ರಕ್ತದ ಮಾತಲ್ಲ ಮೇಡಂ," ಎಂದರು. "ಬಲಗಾಲು ಹೋಗಿದ್ದು ನನ್ನಿಂದ."

ಎಂಬತ್ತೆರಡರ ಆಗಸ್ಟಿನ ಒಂದು ಬೆಳಿಗ್ಗೆ. ಶಂಭುವಿಗೆ ಆಗ ಹನ್ನೆರಡು. ಬಲ ಮಂಡಿಯೊಳಗೆ ಜುಮುಜುಮು ಎನ್ನುತ್ತಿದೆ ಎಂದ. ಶಾಲೆಯಲ್ಲಿ ಅಂದು ಗಣಿತದ ಪರೀಕ್ಷೆ. ತಾಯಿ ಟೇಪು ಹಿಡಿದರು. ಹನ್ನೊಂದೂವರೆ. ಹಿಂದಿನ ದಿನವೂ ಹನ್ನೊಂದೂವರೆ, ಅದರ ಹಿಂದಿನ ದಿನವೂ ಅಷ್ಟೇ. ಪರೀಕ್ಷೆ ತಪ್ಪಿಸಿಕೊಳ್ಳಲು ನೆಪ ಹೇಳುತ್ತಿದ್ದಾನೆ ಎಂದುಕೊಂಡು ಎರಡು ಮಾತು ಬೈದು ಕಳಿಸಿದರು. ಸಂಜೆ ಇಬ್ಬರು ಮೇಷ್ಟರು ಅವನನ್ನು ಎತ್ತಿಕೊಂಡು ಬಂದರು. ಮಂಡಿ ಕುಂಬಳಕಾಯಿಯಂತಾಗಿತ್ತು. ಹದಿಮೂರು ದಿನ ಆಸ್ಪತ್ರೆಯಲ್ಲಿದ್ದು ಬಂದ ಮೇಲೆ ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ.

ಟೇಪು ಸುಳ್ಳು ಹೇಳಿದ್ದು ಹೇಗೆ ಎಂಬುದು ಅವರಿಗೆ ತಿಳಿದದ್ದು ಎರಡು ವಾರ ಕಳೆದ ಮೇಲೆ. ಗಿರಾಕಿಯೊಬ್ಬರ ತೋಳಿನ ಅಳತೆ ತೆಗೆಯುತ್ತಿದ್ದರು. ಹೊಲಿಗೆಯವರು ಮೈ ಅಳೆಯುವಾಗ ಟೇಪಿಗೂ ಮೈಗೂ ನಡುವೆ ತಮ್ಮ ಬೆರಳೊಂದನ್ನು ಇಟ್ಟುಕೊಳ್ಳುತ್ತಾರೆ. ಅಷ್ಟು ಸಡಿಲ ಬಿಟ್ಟರೆ ರವಿಕೆ ಹಿಡಿಯುವುದಿಲ್ಲ, ಹಾಕಿಕೊಂಡವರಿಗೆ ಉಸಿರಾಡಲು ಜಾಗವಿರುತ್ತದೆ. ಹದಿನೈದನೆಯ ವಯಸ್ಸಿನಲ್ಲಿ ಕಲಿತದ್ದು, ಕೈ ತಾನಾಗಿ ಮಾಡುತ್ತದೆ. ಆ ಹೆಂಗಸು ತುಸು ದಪ್ಪವಾಗಿದ್ದರು. ಟೇಪು ಹಳೆಯ ಅಳತೆಯನ್ನೇ ತೋರಿಸುತ್ತಿತ್ತು, ಒಳಗಿದ್ದ ಬೆರಳು ಮಾತ್ರ ಬಿಗಿಯಾಗಿ ಒತ್ತಿಕೊಂಡಿತ್ತು. ಮಗನ ಮಂಡಿಯನ್ನೂ ಇಷ್ಟು ವರ್ಷ ಹೀಗೆಯೇ, ಬೆರಳು ಇಟ್ಟುಕೊಂಡೇ ಅಳೆದಿದ್ದರು. ಆ ಬೆಳಿಗ್ಗೆ ಶುರುವಾಗಿದ್ದ ಊತ ಬೆರಳಿನ ಜಾಗವನ್ನು ತುಂಬಿಕೊಂಡಿತ್ತು. ಟೇಪಿನ ನಂಬರು ಬದಲಾಗಲು ಇನ್ನೂ ಹೊತ್ತಿತ್ತು. ಅಂದಿನಿಂದ ಅವರು ಮಂಡಿಯನ್ನು ಬೆರಳಿಲ್ಲದೆ, ಹುಡುಗ ಏಳುವ ಮೊದಲೇ ಅಳೆಯುತ್ತಾರೆ.

"ಆವತ್ತು ಬೆರಳು ಬಿಗಿಯಾಗಿತ್ತು. ನಂಗೆ ಚೆನ್ನಾಗಿ ನೆನಪಿದೆ. ಬೆರಳು ಹೇಳ್ತು, ನಾನು ನಂಬರ್ ನೋಡ್ದೆ." ಹೀಗೆ ಹೇಳುವಾಗ ಅವರು ತಮ್ಮ ಬಲಗೈಯ ತೋರುಬೆರಳನ್ನು ಸೆರಗಿನೊಳಗೆ ಹಾಕಿಕೊಂಡಿರುತ್ತಾರೆ.

ಇಷ್ಟೇ ಆಗಿದ್ದರೆ ಒಂದು ತಪ್ಪು ಎಂದು ಸುಮ್ಮನಾಗಬಹುದಿತ್ತು. ಆಸ್ಪತ್ರೆಗೆ ಸೇರಿಸಿದ ದಿನ ಡಾಕ್ಟರು ಏನಾಯಿತು ಎಂದು ಗದರಿ ಕೇಳಿದಾಗ ಶಂಭು ಅಳುತ್ತಾ ಒಪ್ಪಿಕೊಂಡಿದ್ದ. ಹಿಂದಿನ ಸಂಜೆ ಹುಡುಗರ ಜೊತೆ ಚೆಂಡು ತರಲು ಚರಂಡಿ ಹಾರಿದ್ದನಂತೆ. ಡಾಕ್ಟರು ಬೈದರು, ಅಪ್ಪ ಬೈದರು, ವಠಾರದವರೂ ತಮ್ಮ ಪಾಲಿನ ಬುದ್ಧಿ ಹೇಳಿದರು. ಕಾಲು ಹೋದದ್ದು ಹುಡುಗ ಹಾರಿದ್ದರಿಂದ ಎಂಬುದು ಮನೆಯ ಮಾತಾಗಿ ನಿಂತಿತು. ಬೆರಳಿನ ಸಂಗತಿ ಗೊತ್ತಾದ ಮೇಲೂ ಬಸವಲಿಂಗಮ್ಮ ಬಾಯಿ ಬಿಡಲಿಲ್ಲ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಲೇ ಎರಡು ವರ್ಷವಾಯಿತು. ಹನ್ನೆರಡು ವರ್ಷದ ಮಗುವಿನ ತಲೆಯ ಮೇಲೆ ತಮ್ಮ ತಪ್ಪನ್ನು ಹೊರಿಸಿ, ಅದೇ ಮಗುವಿಗೆ ದಿನವೂ ಕೈತುತ್ತು ಹಾಕುವ ತಾಯಿಯ ಹೊಟ್ಟೆಯಲ್ಲಿ ಏನಿರುತ್ತದೆ ಎಂಬುದನ್ನು ಯಾವ ಪ್ರಶ್ನೆಪಟ್ಟಿ ಅಳೆಯಬೇಕು? ಅವರನ್ನು ಸಮರ್ಥಿಸಲು ಹೋಗುವುದಿಲ್ಲ. ಅವರೂ ಅದನ್ನು ಬಯಸುವುದಿಲ್ಲ.

ನಾಗಲಕ್ಷ್ಮಮ್ಮ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಹಾರಿದ್ದರಿಂದ ರಕ್ತ ಶುರುವಾಗಿರಬಹುದು, ಬೆಳಿಗ್ಗೆಯೇ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ, ಯಾರದು ಎಷ್ಟು ಎಂದು ಈಗ ಭಾಗ ಮಾಡಲು ಸಾಧ್ಯವಿಲ್ಲ ಎಂದರು. ಸುಳ್ಳು ಸಮಾಧಾನ ಹೇಳಲಿಲ್ಲ. ಎದ್ದು ಹೊರಡುವಾಗ ಖಾಲಿ ಬಿಟ್ಟಿದ್ದ ಇಪ್ಪತ್ತೊಂದನೆಯ ಪ್ರಶ್ನೆಯನ್ನು ಮತ್ತೆ ತೋರಿಸಿ ಇಷ್ಟೇ ಹೇಳಿದರು. "ನಾಳೆ ನೀವು ಇಲ್ಲ ಅಂದ್ರೆ ಅವನ ಮಂಡಿ ಅವನೇ ನೋಡ್ಕೋಬೇಕು ಬಸವಲಿಂಗಮ್ಮ. ಇನ್ನೂ ನೀವೇ ಯಾಕೆ ಅಳೀತೀರಿ? ಅವನಿಗೆ ಕಲಿಸಿ."

ಕಲಿಸುವುದು ಸುಲಭ. ಆದರೆ ಹುಟ್ಟಿದಾಗಿನಿಂದ ತಾಯಿ ಅಳೆಯುವುದನ್ನೇ ನೋಡಿಕೊಂಡು ಬೆಳೆದ ಹುಡುಗ ಬೆರಳಿಟ್ಟೇ ಅಳೆಯುತ್ತಾನೆ. ತೆಗೆ ಎಂದರೆ ಏಕೆ ಎಂದು ಕೇಳುತ್ತಾನೆ. ಬಸವಲಿಂಗಮ್ಮನವರಿಗೆ ಇದು ಗೊತ್ತಿತ್ತು. ಎಡಗಾಲು ಉಳಿಯಬೇಕಾದರೆ ಬಲಗಾಲಿನ ಸತ್ಯ ಹೇಳಲೇಬೇಕಿತ್ತು. ಮೂರು ದಿನ ಮಿಷನ್ನಿನ ಮುಂದೆ ಕೂತರೂ ಒಂದು ರವಿಕೆ ಮುಗಿಯಲಿಲ್ಲ. ನಾಲ್ಕನೆಯ ದಿನ ಭಾನುವಾರ, ಜಯದೇವಪ್ಪನವರೂ ಮನೆಯಲ್ಲಿದ್ದರು. ತಿಂಡಿಯಾದ ಮೇಲೆ ಮಗನ ಕೈಗೆ ಟೇಪು ಕೊಟ್ಟರು.

ಅವನು ಟೇಪು ಸುತ್ತಿದ, ಅಮ್ಮನ ಹಾಗೆಯೇ ಒಂದು ಬೆರಳನ್ನು ಒಳಗೆ ತೂರಿಸಿದ. ತಾಯಿ ಆ ಬೆರಳನ್ನು ಹಿಡಿದು ಹೊರಗೆಳೆದರು. ನೀನು ರವಿಕೆಗೆಲ್ಲ ಇಟ್ಟುಕೊಳ್ಳುತ್ತೀಯಲ್ಲ ಎಂದ ಹುಡುಗ. ಆಗ ಹೇಳಿದರು. ಆ ಬೆಳಗಿನ ನಂಬರು, ಬಿಗಿಯಾಗಿದ್ದ ಬೆರಳು, ಬೈದು ಕಳಿಸಿದ್ದು, ಎರಡು ವರ್ಷ ಸುಮ್ಮನಿದ್ದದ್ದು, ಯಾವುದನ್ನೂ ಬಿಡದೆ ಹೇಳಿದರು. ಜಯದೇವಪ್ಪ ಕೇಳಿಸಿಕೊಂಡು, ಆಗಿದ್ದು ಆಗಿಹೋಯಿತು ಎಂದಷ್ಟೇ ಅಂದು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಅವರು ವಾಪಸು ಬಂದದ್ದು ಮಧ್ಯಾಹ್ನದ ಮೇಲೆ.

ಶಂಭು ಟೇಪನ್ನು ಮಡಚುತ್ತಾ ಕೂತಿದ್ದ.

"ಹಂಗಾದ್ರೆ ನಾನು ಹಾರಿದ್ದಕ್ಕಲ್ವಾ?"

"ಹಾರಿದ್ದೂ ಇರಬೋದು ಕಂದ. ಬೆಳಿಗ್ಗೇನೇ ಹೋಗಿದ್ರೆ ಕಾಲು ಉಳೀತಿತ್ತು. ಸ್ಕೂಲಿಗೆ ಕಳಿಸಿದ್ದು ನಾನು."

ಹುಡುಗರು ಆಡುವ ಬಯಲು ವಠಾರದಿಂದ ಕೂಗಳತೆಯಲ್ಲಿದೆ. ಕಾಲು ಹೋದ ಮೇಲೆ ಶಂಭು ಒಂದು ದಿನವೂ ಆ ಕಡೆ ಹೋಗಿರಲಿಲ್ಲ. ಕೂತುಕೊಂಡು ಸ್ಕೋರು ಬರೆಯಲು ಬಾ ಎಂದು ಗೆಳೆಯರು ಎಷ್ಟು ಸಲ ಬಂದು ಕರೆದರೂ ಒಲ್ಲೆ ಎಂದಿದ್ದ. ಕುಂಟುವುದಕ್ಕೆ ನಾಚಿಕೆ ಎಂದು ಮನೆಯವರು ತಿಳಿದಿದ್ದರು. ಅಂದು ಅವನೇ ಹೇಳಿದ. ಇನ್ನು ಆಟದ ಬಯಲಿಗೆ ಕಾಲಿಡುವುದಿಲ್ಲ, ಈ ಎಡಗಾಲನ್ನಾದರೂ ಉಳಿಸು ಎಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ದೇವರಿಗೆ ಮಾತು ಕೊಟ್ಟಿದ್ದನಂತೆ. "ಆವಾಗ್ಲೇ ಹೇಳಿದ್ರೆ ಆಟ ನೋಡೋಕಾದ್ರೂ ಹೋಗ್ತಿದ್ದೆ ಅಮ್ಮ," ಎಂದ. ದನಿ ಏರಿಸಲಿಲ್ಲ.

ಇದೆಲ್ಲ ನಡೆದು ಮೂರು ವಾರವಾಗಿದೆ. ವಾರದ ದಿನಗಳಲ್ಲಿ ತಾಯಿ ಅಳೆಯುತ್ತಾರೆ, ಭಾನುವಾರ ಮಗ ತಾನೇ ಅಳೆದುಕೊಳ್ಳುತ್ತಾನೆ, ಬೆರಳಿಲ್ಲದೆ, ಚುಕ್ಕಿಯ ಮೇಲೆ, ಸರಿಯಾಗಿ. ಬಯಲಿನ ಕಡೆಗೆ ಈಗಲೂ ಹೋಗಿಲ್ಲ. ದೇವರಿಗೆ ಕೊಟ್ಟ ಮಾತನ್ನು ಹಿಂದೆ ತೆಗೆದುಕೊಳ್ಳುವುದು ಹೇಗೆ ಎಂಬುದು ಅವನಿಗೂ ತಿಳಿಯದು, ತಾಯಿಗೂ ತಿಳಿಯದು. ನಾಗಲಕ್ಷ್ಮಮ್ಮ ಇನ್ನೊಮ್ಮೆ ಬಂದಾಗ ಬಸವಲಿಂಗಮ್ಮ ಮೊದಲ ಪ್ರಶ್ನೆಯ ಮೂರನ್ನು ಹೊಡೆದುಹಾಕಿಸಿ ಐದು ಬರೆಸಿದರು. ಹೇಳಿಕೊಂಡರೆ ಹಗುರಾಗುತ್ತದೆ ಎಂದವರೆಲ್ಲ ಇವರ ಮನೆಗೆ ಒಮ್ಮೆ ಬಂದು ನೋಡಬೇಕು.

ಹೊಲಿಗೆಯ ಮಿಷನ್ನಿನ ಸದ್ದು ನಿಲ್ಲಿಸಿ ಬಸವಲಿಂಗಮ್ಮ ಒಳಗಿನ ಕೋಣೆಯ ಕಡೆ ನೋಡುತ್ತಾರೆ. ಶಂಭು ಅಲ್ಲಿ ಓದುತ್ತಾ ಕೂತಿದ್ದಾನೆ. ನಿಮಗೆ ಏನಾಗಬೇಕು ಎಂದು ಕೇಳಿದರೆ ಹೊಸ ಔಷಧಿಯ ಮಾತು ಬರುತ್ತದೆ ಎಂದುಕೊಂಡಿದ್ದರೆ, ಅದು ಬರುವುದಿಲ್ಲ.

"ಮೊದಲೆಲ್ಲ ಸಾರಿಗೆ ಉಪ್ಪು ಜಾಸ್ತಿ ಅಂತ ಜಗಳ ಆಡ್ತಿದ್ದ. ಈಗ ಏನು ಹಾಕಿದ್ರೂ ತಿಂದು ಏಳ್ತಾನೆ," ಎನ್ನುತ್ತಾರೆ, ದನಿ ತಗ್ಗಿಸಿ. "ನಿನ್ನಿಂದ ನನ್ನ ಕಾಲು ಹೋಯ್ತು ಅಂತ ಒಂದು ಸಲ, ಒಂದೇ ಒಂದು ಸಲ ಬಾಯ್ತುಂಬ ಬೈದುಬಿಡ್ಲಿ. ಅದಕ್ಕೇ ಕಾಯ್ಕೊಂಡು ಕೂತಿದೀನಿ. ಬೈಯಲ್ಲ ಅವನು. ಸ್ಕೂಲಿಂದ ಬಂದು, ಊಟ ಆಯ್ತಾ ಅಮ್ಮ ಅಂತಾನೆ."